ರಫೂ

ಖಡೇಬಜಾರದ ಪಿಸೆ ಟೇಲರ್ಸ್‌ನಾಗ
ನಾನಾಗ ಕಾಜಾ ಹಾಕೋ ಹುಡುಗ.
ಅಕಿ ಬಂದದ್ದು ಐವತ್ತರಾಗ, ಶ್ರಾವಣ ಮುಗಿದ ಮ್ಯಾಲೆ,
ಕೈಯಾಗ ಒಂದ ಸೂಜಿಡಬ್ಬಿ,
ತೋಳಿಗೆ ಮಣಿಕಟ್ಟಿನ ತನಕ ಗುಂಡಿ.
ಹೆಸರು ರೂಜೆನಾ. ನಮ್ಮ ನಾಲಿಗಿಗೆ ರೋಜಿಬಾಯಿ.
ಯುದ್ಧಕ್ಕಿಂತ ಮೊದಲ ಓಡಿಬಂದ ಹಲ್ಲಿನ ಡಾಕ್ಟರನ ತಂಗಿ,
ಮನಿತನದಾಗ ಉಳದವರು ಇಬ್ಬರ,
ಅಂತ ಮಾಲಕ ದನಿ ಸಣ್ಣ ಮಾಡಿ ಹೇಳಿದ.
ಎಷ್ಟ ಮಂದ್ಯಾಗ ಇಬ್ಬರು ಅಂತ ನಾ ಕೇಳಲಿಲ್ಲ.

ನಾ ಕೇಳಿದ್ದು ಇಷ್ಟ:
"ಬಾಯಾರ, ಕನ್ನಡಾ ಬರ್ತದೇನ್ರಿ?"

ಸೂಜಿ ಬಿತ್ತು.
ಗ್ವಾಡಿ ಹಿಡದು ನಿಂತ್ಲು, ಮುಖ ಸುಣ್ಣ.
"ಕನಡಾ?" ಅಂದ್ಲು,
ಮತ್ತ ತನ್ನ ಭಾಷಾದಾಗ ಏನೋ ಅಂದ್ಲು.
ಅದು ತಿಳಿಯಾಕ ನನಗ ಹದಿನೇಳ ವರ್ಷ ಹಿಡೀತು.

ಮರುವರ್ಷ ಜನಗಣತಿಯಾಂವ ಬಂದ.
ಅರಿವಿ ಗಂಟು ಹೊತ್ತು ನಾನೂ ಅಕಿ ಮನಿ ಮುಂದ ನಿಂತಿದ್ದೆ.
ಚೌಕಟ್ಟಿಗೆ ಡಾಂಬರಿನಾಗ ನಂಬರ ಬರದ,
ಮಾತೃಭಾಷಾ ಯಾವದು ಅಂದ, ಕನ್ನಡೋ ಮರಾಠಿಯೋ.
ಈ ಊರಾಗ ಅದು ಬರೇ ಪ್ರಶ್ನೆ ಅಲ್ಲ, ನಿಮಗ ಗೊತ್ತದ.
ಅಕಿ ಗೋಣು ಅಲ್ಲಾಡಿಸಿದ್ಲು, ಎರಡಕ್ಕೂ.
ಅಂವ ಹೋದಮ್ಯಾಲೆ ಘಾಸಲೇಟಿನಾಗ ಅರಿವಿ ಅದ್ದಿ
ನಂಬರ ಹೋಗೂತನಕ ತಿಕ್ಕಿದ್ಲು,
ಬಣ್ಣ ಹೋತು, ಕಟಗಿ ಕಂಡಿತು, ಆದರೂ ತಿಕ್ಕಿದ್ಲು.

ಕೋಟು ಬಂದರ ಮೊದಲ ಕಿಸೆ ನೋಡಾಕಿ.
ಬಸ್ಸಿನ ತಿಕೀಟ, ಅಡಕಿ ಹೋಳು, ಒಮ್ಮೆ ಅಂಗಾರದ ಪುಡಿಕಿ,
ಎಲ್ಲಾ ಹೆಸರು ಬರದು ತಿರುಗಿ ಕೊಡಬೇಕು.
ಅರಿವಿ ಒಟ್ಟಾಕ ಬಿಡತಿದ್ದಿಲ್ಲ.
ಒಂದೊಂದ ಮೊಳಿಗೆ ಒಂದೊಂದ ಕೋಟು.
ಎಷ್ಟಂತ ಮೊಳಿ ಹೊಡೀಲಿ ಅಂದ ಮಾಲಕ. ಹೊಡದ.
ಅಕಿ ರಫೂ ಮಾಡಿದ್ದು ಎಲ್ಲೆಂತ,
ಮರಾಠಾ ಪಲ್ಟನ್ನಿನ ಸುಬೇದಾರ
ಭೂತಗನ್ನಡಿ ಹಿಡದು ಹುಡುಕಿ ಸೋತ.

ಬ್ಯಾಸಗಿ ಒಂದಿನ ನಳದ ಕಡೆ ತೋಳು ಮಡಚಿದಾಗ
ನಮ್ಮವ್ವ ನೋಡಿಬಿಟ್ಲು:
ನೀಲಿ ಹಚ್ಚಿ. ಐದ ಅಂಕಿ.
ಅವ್ವ ಓದು ಬಾರದಾಕಿ. ತನ್ನ ಕೈ ಚಾಚಿದ್ಲು,
ತುಳಸಿಕಟ್ಟಿ, ಚೇಳು, ಅಪ್ಪನ ಹೆಸರು.
"ಕೊರವರಾಕಿ ಹಾಕಿದ್ಲು, ಭಾಳ ಅತ್ತಿದ್ದೆ.
ಸತ್ತರ ಸಂಗಾಟ ಬರೋದು ಇದೊಂದ ನೋಡ್ರಿ,
ಬಂಗಾರ ಎಲ್ಲಾ ಇಲ್ಲೇ ಬಿಚ್ಚಿಕೋತಾರ."
ರೋಜಿಬಾಯಿ ನಕ್ಕಳೋ ಏನೋ.
ಕೊಡ ತುಂಬಿ ಹರೀತಿತ್ತು,
ಯಾರೂ ನಳ ಬಂದ ಮಾಡಲಿಲ್ಲ.

ಅರವತ್ತೇಳರಾಗ, ಕರೆಂಟ ಹೋದ ಸಂಜಿ, ಹೇಳಿದ್ಲು.
ತನ್ನ ತಪ್ಪತಪ್ಪು ಕನ್ನಡದಾಗ.
"ಈ ಮಾತಿನಾಗ ನನಗ ಯಾರೂ
ಸಾಲಿಗೆ ನಿಲ್ಲು ಅಂದಿಲ್ಲ, ಅದಕ."
ಅಲ್ಲಿ ಗ್ವಾದಾಮು ಇದ್ವಂತ, ಮೂವತ್ತು.
ರೈಲು ಇಳದವರ ಬೂಟು, ಚಾಳೀಸು, ಕೂಸಿನ ಕುಂಚಗಿ.
ಇಳದವರು ಆಗಲೇ ಹೊಗಿ.
ಎಲ್ಲಾ ಸಿಗೋ ದೂರದ ಯಾವದೋ ದೇಶದ ಹೆಸರನ್ನ
ಒಳಗ ದುಡಿಯೋ ಹುಡಿಗ್ಯಾರು ಅದಕ ಇಟ್ಟಿದ್ರು:
ಕನಡಾ.
ಹೊಲಿಗಿ ಬಿಚ್ಚಬೇಕು, ಬಚ್ಚಿಟ್ಟ ಚಿನ್ನ ತಗೀಬೇಕು.
ಮೂರನೇ ತಿಂಗಳು ಒಂದ ಹಸರ ಸ್ವೆಟರ ಬಂತು, ಇಷ್ಟ ಉದ್ದ.
ಮೊಣಕೈಗೆ ರಫೂ.
"ನಂದ ಕೈ. ಅಕ್ಕನ ಮಗಂದು.
ಕಾಣತಿತ್ತು.
ಆಗ ನನಗ ಛಲೋ ಬರ್ತಿದ್ದಿಲ್ಲ."
ಕರೆಂಟ ಬಂತು. ದಾರ ಪೋಣಿಸಿದ್ಲು.

ಇದೊಂದು ಹೇಳೋದು ಬಿಟ್ಟೆ: ಅಕಿ ಮನಿ ಇದ್ದದ್ದು ಕ್ಯಾಂಪಿನಾಗ.
ಪಲ್ಟನ್ನಿನ ಆ ಭಾಗಕ್ಕ ಇಡೀ ಬೆಳಗಾವಿ ಅನ್ನೋದು ಹಂಗ.
ರಾತ್ರಿ ಟಾಂಗಾದಾಂವ ಕೇಳತಿದ್ದ,
"ಎಲ್ಲಿಗ್ರಿ ಬಾಯಾರ, ಕ್ಯಾಂಪಿಗೆ?"
ಅಕಿ ನಡಕೋತ ಹೋಗತಿದ್ಲು.

ಎಂಬತ್ತೆರಡರಾಗ ಹೋದ್ಲು. ಹಚ್ಚಿ ಸಂಗಾಟ ಹೋತು.
ಕೋಟು ನನಗ ಬಂತು. ಕಿಸೆ ನೋಡಿದೆ, ಖಾಲಿ.
ಅಸ್ತರದ ಅಂಚಿನಾಗ ಬೆರಳಿಗೆ ಏನೋ ಹತ್ತತದ,
ಹುಣಸಿ ಬೀಜದಷ್ಟು.
ಬಿಚ್ಚಿ ನೋಡಲ್ಲ ಅಂತಾನ ಮಗ.
ಕತ್ತರಿ ತಗೋತೀನಿ, ಇಡತೀನಿ.
ಅದಕ್ಕೊಂದ ಮೊಳಿ ಐತಿ, ಅದಕ್ಕಷ್ಟ.

ಹ್ವಾದ ವರ್ಷ ನುಸಿ ಹಿಡದು ತೋಳಿಗೆ ತೂತು ಬಿತ್ತು.
ನಾನ ರಫೂ ಮಾಡಿದೆ.
ನಂದು ಕಾಣತದ.