ಹನ್ನೆರಡು ಕಡಿಮೆ

ಮಾರ್ಚ್ ತಿಂಗಳು. ಬೋಥ್ನಿಯಾ ಕೊಲ್ಲಿ ಇನ್ನೂ ಹೆಪ್ಪುಗಟ್ಟಿಯೇ ಇದೆ.
ಅದರ ನಡುವೆ ತೂತು ಕೊರೆದು, ಗಾಳ ಬಿಟ್ಟು,
ಡಬ್ಬದ ಮೇಲೆ ಕೂತ ಒಂದು ಕಪ್ಪು ಚುಕ್ಕೆ.
ಗ್ರಂಥಾಲಯದ ನೆಲಮಾಳಿಗೆಯ ಕಿಟಕಿಯಲ್ಲಿ
ಅಷ್ಟು ಮಾತ್ರ ಕಾಣುತ್ತದೆ.
ಒಳಗೆ ಐದು ಕುರ್ಚಿ, ನಾಲ್ಕು ಜನ,
ಜುಲೈ ತಿಂಗಳನ್ನು ಹಂಚಲು ಕೂತಿದ್ದೇವೆ.

ಅರ್ಜಿ ನಲವತ್ತಮೂರು.
ಕೆಲಸ ಮೂವತ್ತೊಂದು.
ಕಾಫಿ ಎರಡು ಸಲ ಬಸಿದಾಯಿತು,
ಕಳೆಯುವ ಲೆಕ್ಕ ಬದಲಾಗಲಿಲ್ಲ.

ತಲಾ ಎರಡು ವಾರ, ದಿನಕ್ಕೆ ಆರು ತಾಸು,
ಅರ್ಧ ಸಂಬಳ ಪುರಸಭೆಯದು, ಅರ್ಧ ಕೆಲಸ ಕೊಟ್ಟವರದು.
ಹದಿನೈದು ತುಂಬಿರಬೇಕು, ಹದಿನೆಂಟು ದಾಟಿರಬಾರದು.
ನಿಯಮ ಬರೆದವಳು ನಾನೇ.
ಬರೆಯುವಾಗ ಅದಕ್ಕೆ ಹೆಸರುಗಳಿರಲಿಲ್ಲ.
ಕೈ ಕೆಸರಾದರೆ ಬಾಯಿ ಮೊಸರು, ಸರಿಯೇ.
ಇಲ್ಲಿ ಕೆಸರಿಗೂ ಅರ್ಜಿ ಹಾಕಬೇಕು.

ಬೇಕರಿಯ ಸೈಮಿ ಇಬ್ಬರನ್ನು ಒಪ್ಪಿದ್ದಾಳೆ,
ಬೆಳಗಿನ ನಾಲ್ಕಕ್ಕೆ ಏಳುವವರಾದರೆ ಎಂಬ ಕೊಕ್ಕೆ ಸಮೇತ.
ದೋಣಿ ರಿಪೇರಿಯ ಟೋರ್ಸ್ಟನ್‌ಗೆ ಒಬ್ಬ ಸಾಕು.
ಹೋದ ವರ್ಷದ ಹುಡುಗ
ಬಣ್ಣದ ಡಬ್ಬಿ ಮುಚ್ಚದೆ ಊಟಕ್ಕೆ ಹೋಗಿದ್ದ,
ಆ ಡಬ್ಬಿಯ ಬೆಲೆ ಇವನಿಗಿನ್ನೂ ಬಾಯಿಪಾಠ.
ಸೂಪರ್ ಮಾರ್ಕೆಟ್ಟಿನವರು ಬರಲೇ ಇಲ್ಲ.
ಬಂದದ್ದು ಒಂದು ಇಮೇಲ್,
ಕೊನೆಯಲ್ಲಿ ಹಳದಿ ನಗುಮುಖ.

ನನಗೂ ಹದಿನೈದಿತ್ತು ಒಂದು ಕಾಲಕ್ಕೆ.
ಸಂತೆಕಟ್ಟೆಯಲ್ಲಿ ಸ್ಟ್ರಾಬೆರಿ ಅಳೆಯುವ ಕೆಲಸ.
ಎರಡನೇ ದಿನವೇ ಯಾರಿಗೋ
ಇಪ್ಪತ್ತು ಮಾರ್ಕಿನ ನೋಟಿಗೆ ಐವತ್ತರ ಚಿಲ್ಲರೆ ಕೊಟ್ಟುಬಿಟ್ಟೆ.
ಅಂಗಡಿಯ ಎಲ್ಮಾ ಬೈಯಲಿಲ್ಲ.
ಮರುದಿನ ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು
ನನ್ನ ಕೈಗೇ ಹಾಕಿ ಟೀ ಕುಡಿಯಲು ಹೋದಳು.
ಆ ಕಬ್ಬಿಣದ ತಣ್ಪು
ಮೂವತ್ತು ವರ್ಷವಾದರೂ ಅಂಗೈ ಬಿಟ್ಟಿಲ್ಲ.

ಅರ್ಜಿಯಲ್ಲಿ ಒಂದು ಪ್ರಶ್ನೆ: ನಿಮಗೆ ಏನು ಬರುತ್ತದೆ?

ಹೊದನ್ ಬರೆದಿದ್ದಾಳೆ: ಸೊಮಾಲಿ, ಫಿನ್ನಿಶ್, ಸ್ವೀಡಿಶ್,
ಅಮ್ಮನ ಆಸ್ಪತ್ರೆ ಕಾಗದಗಳನ್ನು ಅಮ್ಮನಿಗೆ ಹೇಳುವುದು,
ಕೆಲವು ಸಾಲು ಬಿಟ್ಟು.
ವೃದ್ಧಾಶ್ರಮದ ರೀತ್ತಾ ಮಾತಿಲ್ಲದೆ
ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.
ಇನ್ನೊಬ್ಬ: ಮೊಪೆಡ್ ಪೂರಾ ಬಿಚ್ಚಿ ಜೋಡಿಸಬಲ್ಲೆ.
ಪ್ರತಿ ಸಲ ಒಂದು ಸ್ಕ್ರೂ ಉಳಿಯುತ್ತದೆ.
ವಿಲ್ಯಾಮಿ ಬರೆದದ್ದು ಎರಡೇ ಪದ:
ಸುಮ್ಮನಿರಲು ಬರುತ್ತದೆ.

ಸೈಮಿ ನಕ್ಕಳು. ಟೋರ್ಸ್ಟನ್
ಅದನ್ನು ರಾಶಿಯ ತಳಕ್ಕೆ ತಳ್ಳಿದ.

ಆಗ ಬಾಗಿಲು ತೆರೆಯಿತು. ಚರ್ಚಿನ ಸ್ಮಶಾನದ ತೌನೋ,
ಬೂಟಿನಿಂದ ನೀರು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೀನು.
ಕಿಟಕಿಯಲ್ಲಿ ನೋಡಿದೆ, ಚುಕ್ಕೆ ಇರಲಿಲ್ಲ.
ರಾಶಿಯನ್ನು ತಳದಿಂದ ಓದಿದ. ಹಾಗೆ ಓದುವವರು ಕಡಿಮೆ.

"ಇವನನ್ನು ನನಗೆ ಕೊಡಿ.
ಹೂವಿಗೆ ನೀರು, ಕಲ್ಲಿನ ಸುತ್ತ ಹುಲ್ಲು, ಅಷ್ಟೇ ಕೆಲಸ.
ಬಂದವರು ಅಳತೊಡಗಿದರೆ
ನೀರಿನ ಕ್ಯಾನು ಸದ್ದಾಗದಂತೆ ಕೆಳಗಿಟ್ಟು
ಆ ಕಡೆ ತಿರುಗಿ ನಿಲ್ಲಬೇಕು.
ಅದನ್ನು ಕಲಿಸಲು ಎರಡು ವಾರ ಸಾಲುವುದಿಲ್ಲ.
ಇವನು ಕಲಿತೇ ಬಂದಿದ್ದಾನೆ."

ಮೀನಿನ ಚೀಲ ಎತ್ತಿಕೊಂಡ. ಬಾಗಿಲಲ್ಲಿ ನಿಂತ.
"ಇನ್ನೂ ನಾಲ್ವರು ಇರಲಿ. ವಟಗುಟ್ಟುವವರಾದರೂ ಸೈ,
ನಮ್ಮಲ್ಲಿ ಯಾರೂ ದೂರು ಕೊಡುವುದಿಲ್ಲ."

ಹನ್ನೆರಡರಲ್ಲಿ ಐದು ಹೋಯಿತು.
ಏಳು ಹಾಳೆ ನನ್ನ ಚೀಲದಲ್ಲಿ.
"ವಿಷಾದಿಸುತ್ತೇವೆ" ಎಂದು ಶುರುವಾಗುವ ಪತ್ರ
ಕಂಪ್ಯೂಟರಿನಲ್ಲಿ ಸಿದ್ಧವಿದೆ, ಹೆಸರು ತುಂಬಿದರೆ ಆಯಿತು.

ಮನೆಯ ದಾರಿಯಲ್ಲಿ ದಡದ ಐಸ್‌ಕ್ರೀಂ ಗೂಡು,
ಬಾಗಿಲಿಗೆ ಬೀಗ, ಬೀಗಕ್ಕೆ ಹಿಮ.
ಹಲಗೆಯ ಮೇಲೆ ಯಾರದೋ ಫೋನ್ ನಂಬರು,
ಕೊನೆಯ ಎರಡು ಅಂಕಿ ಮಂಜಿನಡಿ.
ಕೈಗವಸು ತೆಗೆದು
ಉಗುರಿನಿಂದ ಕೆರೆಯುತ್ತಿದ್ದೇನೆ.
ಒಂದು ಏಳು. ಇನ್ನೊಂದು
ಮೂರೋ, ಎಂಟೋ.