ನಡುನೀರಿನ ಸರಾಸರಿ

ವಿಮಾನ ಇಳಿಯುವುದು ಆ ದಡದಲ್ಲಿ, ಫ್ರೀಟೌನ್ ಈ ದಡದಲ್ಲಿ.
ನಡುವೆ ಸಮುದ್ರದ ಬಾಯಿ.
ಟಾಗ್ರಿನ್ನಿನಲ್ಲಿ ದೋಣಿ ಹತ್ತಿದರೆ ಕಿಸ್ಸಿ ಎದುರಿಗೇ ಕಾಣುತ್ತದೆ,
ಒಂದು ಪೊಟ್ಟಣ ಕಡಲೆಕಾಯಿ ಮುಗಿಯುವಷ್ಟರಲ್ಲಿ ಬಂತು.
ಸುತ್ತುದಾರಿ ಪೋರ್ಟ್ ಲೋಕೊ, ಮಾಸಿಯಾಕಾ, ವಾಟರ್‌ಲೂ:
ಬೆನ್ನುಮೂಳೆ ಎಣಿಸಿಕೊಂಡು ನಾಲ್ಕು ತಾಸು.

ನಾನು ಮಾಬಿಂಟಿ, ಲಸಿಕೆ ಗೋದಾಮಿನ ಲೆಕ್ಕದವಳು.
ಹೊಸದರಲ್ಲಿ ಹಳೆಯ ರಿಜಿಸ್ಟರು ಬಿಚ್ಚಿ
ಎಲ್ಲ ಕೂಡಿಸಿದೆ, ಭಾಗಿಸಿದೆ.
ದೋಣಿಗೆ ಒಂದೂವರೆ ತಾಸು. ರಸ್ತೆಗೆ ನಾಲ್ಕು.
ಕೆಂಪು ಶಾಯಿಯಲ್ಲಿ ಗೆರೆ ಎಳೆದು ತೋರಿಸಿದೆ
ಚಾಲಕ ಸಾಂತಿಗಿ ಬಂಗುರಾನಿಗೆ.
ಆತ ಕನ್ನಡಕ ಒರೆಸಿಕೊಂಡ, ಹಾಕಿಕೊಳ್ಳಲಿಲ್ಲ.
"ಈ ಒಂದೂವರೆ ತಾಸು ಯಾವ ದಿನ ಆಯಿತು, ಮಗಳೇ?"
ಹುಡುಕಿದೆ. ಯಾವ ದಿನವೂ ಆಗಿರಲಿಲ್ಲ.
ಹತ್ತು ಸಲ ಮುಕ್ಕಾಲು ತಾಸು,
ಹನ್ನೊಂದನೆಯದು ಒಂಬತ್ತು.

ಆದರೂ ಆಗಸ್ಟಿನಲ್ಲಿ, ಹಟಕ್ಕೆ, ದೋಣಿಗೇ ಹಾಕಿಸಿದೆ
ದಡಾರದ ಲಸಿಕೆ, ಎರಡು ಪೆಟ್ಟಿಗೆ. ಜೊತೆಗೆ ನಾನು.
ನಡುನೀರಿನಲ್ಲಿ ಎಂಜಿನ್ನು ಕೆಮ್ಮಿ ಸುಮ್ಮನಾಯಿತು.
ಕೋಳಿಬುಟ್ಟಿಗಳು, ಒಬ್ಬ ಪಾದ್ರಿ, ಮದುವೆಗೆ ಹೊರಟ ಹೆಂಗಸರು,
ಎಲ್ಲರಿಗೂ ಕಿಸ್ಸಿ ಕಾಣುತ್ತಲೇ ಇತ್ತು.
ಅಂಬಿಗನ ಹಂಗು ಏನೆಂದು
ಹೊಳೆ ದಾಟಿದವರಿಗೆ ಗೊತ್ತಾಗದು.
ಕತ್ತಲಾಗುವಾಗ ಪೆಟ್ಟಿಗೆ ತೆರೆದೆ:
ಪಟ್ಟಿಯ ಮೇಲಿನ ಬಿಳಿ ಚುಕ್ಕೆ ಕೆಂಪಾಗಿತ್ತು.
ಕೆಂಪಾದದ್ದು ಮತ್ತೆ ಬಿಳಿಯಾಗುವುದಿಲ್ಲ,
ಎಷ್ಟು ಐಸು ಸುರಿದರೂ.

ಸಾಂತಿಗಿ ಬಯ್ಯಲಿಲ್ಲ, ಅದೇ ಸಂಕಟ.
ಮುಂದಿನ ವಾರ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡ.
ಕವಲಿನಲ್ಲಿ, ಎಂಜಿನ್ ಆರಿಸದೆ, ನಿಲ್ಲಿಸಿ
ಎದುರಿಂದ ಬಂದ ಬೈಕಿನ ಹುಡುಗರ ಕಾಲು ನೋಡಿದ.
ಕೆಸರು ಪಾದಕ್ಕಿದ್ದರೆ ನೇರ,
ಮೊಣಕಾಲಿಗಿದ್ದರೆ ಎಡಕ್ಕೆ, ಹಳೇ ಸೇತುವೆ ದಾರಿ.
"ಹೊರಡುವ ಮೊದಲೇ ದಾರಿ ಗೊತ್ತಿರುವುದಿಲ್ಲ ನನಗೂ.
ತಿರುಗಲು ಜಾಗ ಎಲ್ಲೆಲ್ಲಿದೆ ಅಂತ ಗೊತ್ತು, ಅಷ್ಟೆ.
ದೋಣಿಯಲ್ಲಿ ಎಲ್ಲಿ ತಿರುಗುತ್ತೀ?"

ಈಗ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಇದೆ,
ತಲೆಬರಹ: ತೀರಾ ಕೆಟ್ಟ ದಿನ.
ರಸ್ತೆಗೆ ಐದೂವರೆ. ಐಸು ಬಾಳುವುದು ಆರು.
ಉಳಿದ ಅರ್ಧ ತಾಸು ಸಾಂತಿಗಿಯದು;
ಒಳ್ಳೆಯ ದಿನವಾದರೆ ವಾಟರ್‌ಲೂನಲ್ಲಿ ಇಳಿದು
ಸುಟ್ಟ ಮೆಕ್ಕೆಜೋಳ ತಿನ್ನುತ್ತಾನೆ, ನಿಧಾನಕ್ಕೆ.

ನಾನು ಮಾತ್ರ ಶನಿವಾರ ತವರಿಗೆ ದೋಣಿಯಲ್ಲೇ ಹೋಗುತ್ತೇನೆ.
ನನ್ನ ಚೀಲದಲ್ಲಿ ಕರಗುವಂಥದ್ದೇನೂ ಇರುವುದಿಲ್ಲ.
ಅವ್ವನ ಗಡಿಯಾರ ನಿಂತು ಎಷ್ಟೋ ವರ್ಷವಾಯಿತು,
ಕಿಟಕಿಯಲ್ಲಿ ದೀಪ ಇಟ್ಟು ಮಲಗಿಬಿಡುತ್ತಾಳೆ.