ಎಂ. ಅಂದರೆ

ಅಶೋಕ ಟಾಕೀಸಿನ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು, ಮುಗಿಯುವ ಸೂಚನೆಯಿಲ್ಲ.
ಹಸಿವೆಗೆ ಅಂತಲ್ಲ, ನಿಂತದ್ದಕ್ಕೆ
ಒಂದು ಮಂಡಕ್ಕಿ, ಎರಡು ಮಿರ್ಚಿ.

ಕಟ್ಟಿಕೊಟ್ಟ ಹಾಳೆ ಇಂಗ್ಲಿಷಿನದು,
ಯಾವ ಲೈಬ್ರರಿ ತೂಕಕ್ಕೆ ಹಾಕಿದ್ದೋ.
ವೆಬ್‌ಸ್ಟರ್ ಎಂಬ ಮನೆತನದ ಹೆಸರಿನ ಹುಟ್ಟು,
ಅಮೆರಿಕದಲ್ಲಿ ಆ ಹೆಸರಿನವರ ಎಣಿಕೆ.
ಇಪ್ಪತ್ತೊಂಬತ್ತು ವರ್ಷ ಮಗ್ಗಿ ಹೇಳಿಸಿದ ಕಣ್ಣು
ಅಕ್ಷರ ಬಿಟ್ಟು ಅಂಕಿಗೇ ಹೋಯಿತು.
ಲಕ್ಷಕ್ಕೆ ಎಷ್ಟು ಜನ ಎಂಬಲ್ಲಿ ಸರಿಯಾಗಿ
ಮಿರ್ಚಿ ಕೂತಿತ್ತು.
ಎಣ್ಣೆ ಇಳಿದು ಹಾಳೆ ಗಾಜಾಗಿ
ಹಿಂದಿನ ಪುಟದ ಇನ್ಯಾರದೋ ಸಂಖ್ಯೆ
ಮುಂದಿನವರ ಮೇಲೆ ಹಿಂದುಮುಂದಾಗಿ ಬಿದ್ದು
ಯಾರು ಎಷ್ಟೆಂದು ದೇವರಿಗೂ ತಿಳಿಯದು.

ಹುಟ್ಟು ಮಾತ್ರ ಉಳಿದಿತ್ತು, ಅಂಚಿನಲ್ಲಿ:
ವೆಬ್‌ಸ್ಟರ್ ಅಂದರೆ ನೇಯುವವಳು.
ನೇಯುವವನಲ್ಲ. ಎರಡು ಸಲ ಓದಿದೆ.
ಬಾಲದ ಆ ಎರಡಕ್ಷರ ಮೊದಲು ಹೆಂಗಸಿನ ಗುರುತಂತೆ,
ಆಮೇಲೆ ಗಂಡಸರೂ ಅದನ್ನೇ ಹೊದ್ದರಂತೆ,
ಹೊದ್ದುಕೊಂಡೇ ಹಡಗು ಹತ್ತಿದರಂತೆ.
ಈಗ ವಕೀಲರೋ ಲಾರಿ ಓಡಿಸುವವರೋ ಆಗಿದ್ದಾರು.
ಲಾಳಿ ಹೇಗಿರುತ್ತದಪ್ಪಾ ಎಂದರೆ
ಎಷ್ಟು ಜನ ಹೇಳಿಯಾರು?
ಯಾವ ಊರಿನವಳೋ ಆಕೆ, ಯಾವ ಎದೆಯ ಕೆಮ್ಮೋ,
ಹೆಸರು ಬಿಟ್ಟುಹೋದಳು, ಮುಖ ಬಿಡಲಿಲ್ಲ.

ನಮ್ಮವ್ವ ಸಾಕವ್ವ ನೇಯುತ್ತಿರಲಿಲ್ಲ.
ಬಟ್ಟೆ ಗಿರಣಿಯ ರೀಲಿಂಗ್ ಖಾತೆ,
ಹರಿದ ಎಳೆಗೆ ಎಳೆ ಕೂಡಿಸುವ ಕೆಲಸ.
ಮನೆಗೆ ಬಂದರೆ ಹುಬ್ಬಿನ ತುಂಬ ಹತ್ತಿ,
ಮೂವತ್ತಕ್ಕೇ ಮುದುಕಿಯ ಹಾಗೆ;
ತಮ್ಮ ಊದಿ ಊದಿ ಹಾರಿಸುತ್ತಿದ್ದ.
ಓಣಿಗೆ ಮೂವರು ಸಾಕವ್ವಗಳು:
ಹಾಲಿನ ಸಾಕವ್ವ, ಕುಂಟ ಸಾಕವ್ವ, ಮಿಲ್ ಸಾಕವ್ವ.
ಒಬ್ಬಳನ್ನು ಕೂಗಿದರೆ ಇನ್ನೊಬ್ಬಳು ಓ ಅನ್ನಬಾರದಲ್ಲ,
ಅದಕ್ಕೆ.

ಶಾಲೆಗೆ ಸೇರಿಸಿದ ದಿನ ಅವಳದು ಬೆಳಗಿನ ಪಾಳಿ.
ಪಕ್ಕದ ಮನೆಯ ಚಮನ್‌ಬೀ ಕೈಹಿಡಿದು ಒಯ್ದಳು.
ಯಾರ ಮಗಳಮ್ಮ, ಅಂದರು ಮೇಷ್ಟ್ರು.
ಮಿಲ್ ಸಾಕವ್ವಂದು ಸಾ.
ಅಪ್ಪನ ಹೆಸರು ಅವರು ಕೇಳಲಿಲ್ಲವೋ,
ಕೇಳಿಯೂ ಈಕೆ ಹೇಳಲಿಲ್ಲವೋ.
ಎಂ. ಎಸ್. ದುಗ್ಗಮ್ಮ.
ಮಸಿಯಲ್ಲಿ, ಚುಕ್ಕೆ ಸಮೇತ.

ಆ ಎಂ. ಹೊತ್ತೇ ಜನಗಣತಿಗೆ ಹೋದೆ,
ನಿಟ್ಟುವಳ್ಳಿಯಲ್ಲಿ ನೂರಾ ಮೂವತ್ತು ಮನೆ,
ನಾಯಿ ಛೂ ಬಿಟ್ಟವರು, ನೀರು ಕೊಟ್ಟವರು.
ಯಾವ ಛಾವಣಿ, ಯಾವ ದೀಪ, ಎಷ್ಟು ತಲೆ.
ಈ ಹೆಸರು ಎಲ್ಲಿಂದ ಬಂತೆನ್ನುವ ಕಾಲಮ್ಮಿರಲಿಲ್ಲ.
ನಾನೂ ಕೇಳಲಿಲ್ಲ.
ನಮ್ಮದನ್ನು ಬೆರಳಲ್ಲೇ ಎಣಿಸಿದ್ದೆ:
ನಾನು, ತಮ್ಮ, ತಮ್ಮನವು ಎರಡು.
ದಾವಣಗೆರೆಯಲ್ಲಿ ನಾಲ್ಕು. ಅಮೆರಿಕದಲ್ಲಿ ಸೊನ್ನೆ.
ಹೋದ ಮಾರ್ಚಿಗೆ ತಮ್ಮ ತೀರಿಕೊಂಡ.
ಮೂರು.

ಗೇಟು ಎದ್ದಿತು.
ಮಿಲ್ಲಿದ್ದ ಕಡೆ ಈಗ ಸೈಟಿನ ಕಲ್ಲುಗಳು,
ಒಂದರ ಮೇಲೆ ಒಂದು ಹೋತ
ಮಾಲೀಕನ ಹಾಗೆ ನಿಂತಿದೆ.

ಕಂಪ್ಯೂಟರ್ ಅಂಗಡಿಯ ಹುಡುಗ ಅಂದ:
ಒಂದಕ್ಷರ ತಗಳಲ್ಲ ಅಮ್ಮ ಇದು, ಬಿಡಿಸಿ ಹೇಳ್ರಿ.
ಎಂ. ಅಂದರೆ? ಮಲ್ಲಪ್ಪನಾ? ಮುರಿಗೆಪ್ಪನಾ?
ಮಿಲ್, ಅಂದೆ.
ಅವನು ತಲೆ ಎತ್ತಲಿಲ್ಲ.
ದಿನಕ್ಕೆ ಇಂಥವು ಎಷ್ಟು ಕೇಳುತ್ತಾನೋ.
ಒಂದು ಎಲ್ ಹಾಕಲಾ, ಎರಡಾ?

ಹಬ್ಬದ ತಿಂಗಳು ಬಂದರೆ ಅವ್ವ
ಒಂದು ಪಾಳಿ ಮುಗಿಸಿ
ಗೇಟಿನ ಹತ್ತಿರವೇ ಬುತ್ತಿ ಬಿಚ್ಚಿ
ಬಾಯಿ ಒರೆಸಿಕೊಳ್ಳುತ್ತ ಇನ್ನೊಂದಕ್ಕೆ ಒಳಗೆ ಹೋಗುತ್ತಿದ್ದಳು.

ಎರಡು ಹಾಕಪ್ಪ.

ಹೆಬ್ಬೆರಳು ಒತ್ತಿದೆ. ಯಂತ್ರ ಗುರುತು ಹಿಡಿಯಲಿಲ್ಲ.
ಎಣ್ಣೆ ಐತಲ್ರೀ, ಅಂದ.
ಸೆರಗಿಗೆ ಒರೆಸಿ
ಮತ್ತೊಮ್ಮೆ ಒತ್ತಿದೆ.